ಎಡಗಡೆಯ ಸೊನ್ನೆ

ಫೆಬ್ರವರಿ 24, ಸೋಮವಾರ

ಇವತ್ತೂ ಅದೇ ಪಾಡು. ಯಂತ್ರಕ್ಕೆ ಬರೆದ ಆಜ್ಞೆ ಓದುವ ಐದು ಶೆಲ್, ಓದಲು ಕೊಟ್ಟ ಸ್ಕ್ರಿಪ್ಟ್ ಒಂದೇ, ಐದು ಥರದ ಮುಖ. ದೊಡ್ಡಪ್ಪ ಪಾಸು. ಅಜ್ಜ ಪಾಸು. ಇನ್ನಿಬ್ಬರು ಗೊಣಗಿಕೊಂಡು ಪಾಸು. ಚಿಕ್ಕಪ್ಪ ಮಾತ್ರ ಮೂವತ್ತೇಳನೇ ಸಾಲಿಗೆ ಬಂದು ಮುಖ ಊದಿಸಿಕೊಂಡು ಕೂತ. ಒಂದು 'ಸಮ' ಚಿಹ್ನೆ ಇರಬೇಕಾದ ಕಡೆ ಎರಡು ಇತ್ತಂತೆ. ಒಂದನ್ನು ಅಳಿಸಿದೆ. ಸಮಾಧಾನಪಟ್ಟ.

ಹೆಸರಿಟ್ಟವಳು ನಾನೇ. ಈಗ ಇಡೀ ಆಫೀಸು ಹಾಗೇ ಕರೆಯುತ್ತದೆ. ಆಸ್ಪತ್ರೆಗಳಿಗೆ ನಾವು ಮಾಡುವ ಆಕ್ಸಿಜನ್ ಅಲಾರಂ ಬಾಕ್ಸುಗಳಲ್ಲಿ, ಹಳೆಯವುಗಳ ಒಳಗಿರುವವನು ಅಜ್ಜ. ಹೇಗೆ ಬರೆದರೂ ಪಾಪ ಅರ್ಥ ಮಾಡಿಕೊಳ್ಳುತ್ತಾನೆ. ಹೊಸ ಬಾಕ್ಸಿನಲ್ಲಿ ಚಿಕ್ಕಪ್ಪ. ಚೂಪು, ಚುರುಕು, ಸ್ವಲ್ಪವೂ ಬಗ್ಗುವ ಜಾತಿಯಲ್ಲ. ಅವನು ಒಪ್ಪಿದರೆ ಮಾತ್ರ ನನ್ನ ಸಹಿ. ಜನವರಿಯಲ್ಲಿ ನಾನೂರ ಹನ್ನೆರಡು ಟೆಸ್ಟಿಗೂ ಒಪ್ಪಿದ. ಸಹಿ ಹಾಕಿದೆ. ಮೂವತ್ತೊಂದು ಬಾಕ್ಸು ಮೂವತ್ತೊಂದು ಆಸ್ಪತ್ರೆಗೆ ಹೋದವು.

ಅಮ್ಮನ ಕೆಮ್ಮು ಕಡಿಮೆಯಾಗಿಲ್ಲ. ಡಾಕ್ಟರ್ ಹತ್ತಿರ ಹೋಗೋಣ ಅಂದರೆ, ಈ ವಾರ ಬೇಡ ಅಂತಾಳೆ. ಹೋದ ವಾರವೂ ಹಾಗೇ ಅಂದಿದ್ದಳು.

ಮಾರ್ಚ್ 5, ಬುಧವಾರ

ಒಂಬತ್ತು ದಿನ ಪೆನ್ನು ಮುಟ್ಟಲಿಲ್ಲ.

ಅಮ್ಮ ಆಸ್ಪತ್ರೆಯಲ್ಲಿ. ಭಾನುವಾರ ಉಸಿರು ಸಿಗದೆ ಸೋಫಾ ಹಿಡಿದುಕೊಂಡು ಕೂತುಬಿಟ್ಟಳು. ತುಟಿ ನೀಲಿ. ನಾನು ಏನು ಮಾಡಿದೆನೋ ನೆನಪಿಲ್ಲ. ತಮ್ಮ ಎತ್ತಿಕೊಂಡು ಕೆಳಗಿಳಿದ. ಈಗ ಎದೆ ವಾರ್ಡಿನಲ್ಲಿ ಆರನೇ ಮಂಚ. ಮೂಗಿಗೆ ನಳಿಗೆ. ಆಕ್ಸಿಜನ್ ಇಲ್ಲದೆ ಹತ್ತು ನಿಮಿಷ ಕಷ್ಟ ಅಂದರು ಡಾಕ್ಟರ್. ಅಷ್ಟು ಸಲೀಸಾಗಿ ಅಂದರು.

ಮೊದಲ ಎರಡು ದಿನ ಗೋಡೆ ಕಡೆ ನೋಡಿಯೇ ಇರಲಿಲ್ಲ. ಇವತ್ತು ನೋಡಿದೆ. ಸಿಸ್ಟರ್ ಮೇಜಿನ ಪಕ್ಕ, ಆಕ್ಸಿಜನ್ ಪೈಪಿನ ಒತ್ತಡ ತೋರಿಸುವ ಮುಳ್ಳಿನ ಕೆಳಗೆ — ನಮ್ಮ ಬಾಕ್ಸು. ಹೊಸದು. ಹಸಿರು ದೀಪ. ಬದಿಯ ಸ್ಟಿಕರಿನಲ್ಲಿ ನನ್ನದೇ ಸಹಿ, ನನ್ನದೇ ಸೊಟ್ಟ ಅಕ್ಷರ. ಕಣ್ಣು ತುಂಬಿತು. ಯಾರೋ ಸ್ವಂತದವರು ಕಾವಲಿಗೆ ನಿಂತ ಹಾಗಿತ್ತು.

ಅಮ್ಮನಿಗೆ ತೋರಿಸಿದೆ. ಮುಳ್ಳು ನಾಲ್ಕರ ಮೇಲಿರಬೇಕು, ಮೂರೂವರೆಗೆ ಇಳಿದರೆ ಬಾಕ್ಸು ಕೂಗುತ್ತದೆ ಅಂದೆ. ಇಷ್ಟು ವರ್ಷವಾದರೂ ನೀನು ಮಾಡುವ ಕೆಲಸ ಏನು ಅಂತ ತಿಳಿಯಲೇ ಇಲ್ಲವಲ್ಲ ಅಂದಳು. ವಿವರಿಸಿದೆ. ಯಂತ್ರಕ್ಕೆ ನಾವು ಚೀಟಿ ಬರೆದುಕೊಡುತ್ತೇವೆ, ಅದನ್ನು ಓದಿ ಯಂತ್ರದಿಂದ ಮಾಡಿಸುವವನೇ ಶೆಲ್. ಆದರೆ ಓದುವವರು ಹಲವರು. ಒಂದೇ ಚೀಟಿಯನ್ನು ಐವರ ಕೈಗೂ ಕೊಟ್ಟು, ಐವರೂ ಒಂದೇ ಅರ್ಥ ಮಾಡಿಕೊಂಡರಾ ಅಂತ ನೋಡುವುದು ನನ್ನ ಕೆಲಸ.

ಅಮ್ಮ ಮೂವತ್ನಾಲ್ಕು ವರ್ಷ ಲೆಕ್ಕದ ಟೀಚರ್. ಸ್ವಲ್ಪ ಯೋಚಿಸಿದಳು.

"ಅಂದ್ರೆ ಪೇಪರ್ ತಿದ್ದೋ ಕೆಲಸ. ನನ್ನದೇ."

ಹೌದು ಅಂದೆ. ಖುಷಿಪಟ್ಟಳು. ಸಿಸ್ಟರ್‌ಗೂ ಹೇಳಿದಳು, ಅದು ನನ್ನ ಮಗಳು ತಿದ್ದಿದ ಬಾಕ್ಸು ಅಂತ.

ಮಾರ್ಚ್ 7, ಶುಕ್ರವಾರ

ತಮ್ಮನಿಗೆ ಪ್ರೆಸ್ಸಿನಲ್ಲಿ ಕೆಲಸ ಇತ್ತು. ಅದಕ್ಕೇ ನಿನ್ನೆ ರಾತ್ರಿ ನಾನೇ ವಾರ್ಡಿನಲ್ಲಿದ್ದೆ. ಬೆಳಗ್ಗೆ ಅವನು ಬಂದ ಮೇಲೆ ಅಲ್ಲಿಂದಲೇ ಆಫೀಸು. ಎಂಟೂ ಇಪ್ಪತ್ತಕ್ಕೆ ತಲುಪಿದೆ. ಒಂಬತ್ತು ವರ್ಷದಲ್ಲಿ ಹತ್ತಕ್ಕಿಂತ ಮುಂಚೆ ಬಂದಿದ್ದು ಇದೇ ಮೊದಲು. ವಾಚ್‌ಮನ್ ಗಡಿಯಾರ ನೋಡಿದ, ನನ್ನ ಮುಖ ನೋಡಿದ, ಬಾಗಿಲು ತೆಗೆದ.

ಹೊತ್ತು ಹೋಗಬೇಕಲ್ಲ. ಹೊಸ ಬಾಕ್ಸಿನ ಹಳೇ ಟೆಸ್ಟುಗಳನ್ನೇ ಸುಮ್ಮನೆ ಓಡಿಸಿದೆ. ಚಿಕ್ಕಪ್ಪ ಫೇಲ್. ಒಂದಲ್ಲ, ಒಂಬತ್ತು ಟೆಸ್ಟು. ಎಲ್ಲವೂ ಅಲಾರಂ ಟೆಸ್ಟುಗಳೇ.

ಏನೋ ವೈರ್ ಸಡಿಲ ಇರಬೇಕು ಅಂದುಕೊಂಡೆ. ಬಿಗಿ ಮಾಡಿದೆ. ಮತ್ತೆ ಫೇಲ್. ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬಂದೆ. ಅಲ್ಲಿ ಅಮ್ಮನ ವಿಷಯ ಕೇಳಿದರು, ಹೇಳುತ್ತ ಕೂತೆ. ವಾಪಸ್ ಬಂದಾಗ ಹತ್ತೂ ಐದು. ಓಡಿಸಿದೆ. ನಾನೂರ ಹನ್ನೆರಡೂ ಪಾಸು.

ಯಾವುದನ್ನೂ ಮುಟ್ಟಿರಲಿಲ್ಲ. ಟೀ ಕುಡಿದಿದ್ದು ನಾನು, ಸರಿಹೋಗಿದ್ದು ಅದು.

'ಆಮೇಲೆ ಸಾರ್‌'ಗೆ ಹೇಳಿದೆ. ನಮ್ಮ ಮ್ಯಾನೇಜರ್. ಏನು ಕೇಳಿದರೂ ಆಮೇಲೆ ಅನ್ನುತ್ತಾರೆ, ಅದಕ್ಕೇ ಆ ಹೆಸರು. ಈಗ ಪಾಸಾಯಿತಲ್ಲ, ಆಮೇಲೆ ನೋಡೋಣ ಅಂದರು. ರಿಪೋರ್ಟಿನಲ್ಲಿ 'ಒಮ್ಮೊಮ್ಮೆ ತಪ್ಪುತ್ತದೆ' ಅಂತ ಬರೆದೆ. ಬರೆಯುವಾಗಲೇ ಕೈ ಹಿಂಜರಿಯಿತು. ಯಂತ್ರ ಒಮ್ಮೊಮ್ಮೆ ತಪ್ಪುವುದಿಲ್ಲ. ಅದಕ್ಕೆ ಯಾವಾಗಲೂ ಕಾರಣ ಇರುತ್ತದೆ. ಗೊತ್ತಿದ್ದೂ ಬರೆದೆ.

ಮಾರ್ಚ್ 8, ಶನಿವಾರ, ಮಧ್ಯಾಹ್ನ

ಕ್ರಮವಾಗಿ ಬರೆಯಬೇಕು.

ಬೆಳಗ್ಗೆ ವಾರ್ಡು. ಅಮ್ಮನಿಗೆ ಮುಖ ಒರೆಸುತ್ತಿದ್ದೆ. ಅವಳು ಬಾಕ್ಸಿನ ಗಡಿಯಾರ ನೋಡುತ್ತಿದ್ದಳು. 08:10.

"ಆ ಎಂಟರ ಹಿಂದೆ ಸೊನ್ನೆ ಯಾಕೆ? ಎಡಗಡೆ ಸೊನ್ನೆಗೆ ಬೆಲೆ ಇಲ್ಲ ಅಂತ ಎಷ್ಟು ಮಕ್ಕಳಿಗೆ ಹೇಳಿಕೊಟ್ಟೆ."

ಹಾಗೇ ಬರೆಯುವುದು ರೂಢಿ ಅಮ್ಮ ಅಂದೆ. ಅಂದ ಮೇಲೆ ಟವೆಲ್ ಕೈಯಲ್ಲೇ ಉಳಿಯಿತು.

ಚಿಕ್ಕಪ್ಪನಿಗೆ ಎಡಗಡೆ ಸೊನ್ನೆಗೆ ಬೆಲೆ ಇದೆ.

ಅಮ್ಮನನ್ನು ಪಕ್ಕದ ಮಂಚದವರಿಗೆ ಒಪ್ಪಿಸಿ ಆಫೀಸಿಗೆ ಓಡಿದೆ. ರಜೆ, ಯಾರೂ ಇಲ್ಲ. ಟೆಸ್ಟ್ ಬಾಕ್ಸಿನ ಗಡಿಯಾರವನ್ನು ಕೈಯಾರೆ ತಿರುಗಿಸಿದೆ. 07:59, ಪಾಸು. 08:00, ಫೇಲ್. 09:59, ಫೇಲ್. 10:00, ಪಾಸು. ಮೂರು ಸಲ ಮಾಡಿದೆ. ಮೂರು ಸಲವೂ ಅದೇ.

ವಿಷಯ ಇಷ್ಟೇ. ಆಕ್ಸಿಜನ್ ಮಿತಿ ರಾತ್ರಿಗೆ ಒಂದು, ಹಗಲಿಗೆ ಒಂದು. ಅದಕ್ಕೇ ಸ್ಕ್ರಿಪ್ಟು ಮೊದಲು ಗಂಟೆ ಎಷ್ಟು ಅಂತ ಕೇಳುತ್ತದೆ. ಗಡಿಯಾರ 08 ಅನ್ನುತ್ತದೆ. ಅಜ್ಜ ಅದನ್ನು ಎಂಟು ಅಂತ ಓದುತ್ತಿದ್ದ, ಅಮ್ಮನ ಕ್ಲಾಸಿನ ಮಕ್ಕಳ ಹಾಗೆ. ಚಿಕ್ಕಪ್ಪನ ನಿಯಮವೇ ಬೇರೆ. ಸೊನ್ನೆಯಿಂದ ಶುರುವಾದ ಸಂಖ್ಯೆ ಅಂದರೆ ಎಂಟೆಂಟರ ಲೆಕ್ಕ. ಆ ಲೆಕ್ಕದಲ್ಲಿ ಸೊನ್ನೆಯಿಂದ ಏಳರವರೆಗೆ ಮಾತ್ರ ಅಂಕಿ. ಎಂಟು, ಒಂಬತ್ತು ಅನ್ನುವ ಅಂಕಿಗಳೇ ಅಲ್ಲಿಲ್ಲ. 07 ಬಂದರೆ ಏಳು, ತೊಂದರೆಯಿಲ್ಲ. 08 ಬಂದರೆ 'ಇಲ್ಲೀಗಲ್ ನಂಬರ್' ಅಂತ ಒಂದು ಸಾಲು ಬರೆದು ಅಲ್ಲೇ ಸಾಯುತ್ತದೆ ಸ್ಕ್ರಿಪ್ಟು. ಮುಂದಿನ ಸಾಲಿಗೆ ಹೋಗುವುದೇ ಇಲ್ಲ. ಅಲಾರಂ ಇರುವುದು ಮುಂದಿನ ಸಾಲುಗಳಲ್ಲಿ.

ದಿನಾ ಬೆಳಗ್ಗೆ ಎಂಟರಿಂದ ಹತ್ತು. ಎರಡು ಗಂಟೆ ಬಾಕ್ಸು ಕುರುಡು. ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಹಸಿರು ಅಂದರೆ ಕರೆಂಟ್ ಇದೆ ಅಂತ, ಅಷ್ಟೇ.

ನಾನೂರ ಹನ್ನೆರಡು ಟೆಸ್ಟಿನಲ್ಲಿ ಒಂದಕ್ಕೂ ಯಾಕೆ ಸಿಗಲಿಲ್ಲ? ನಾವು ಹತ್ತು ಗಂಟೆಗೆ ಆಫೀಸಿಗೆ ಬರುವವರು. ಟೆಸ್ಟು ಯಾವಾಗಲೂ ಹತ್ತರ ಮೇಲೆ. ಎಂಟು ಗಂಟೆ ಹೇಗಿರುತ್ತದೆ ಅಂತ ನಮ್ಮ ಲ್ಯಾಬಿಗೆ ಗೊತ್ತೇ ಇಲ್ಲ. ಗಡಿಯಾರ ತಿರುಗಿಸಿ ನೋಡಬೇಕು ಅಂತ ನನಗೆ ಹೊಳೆಯಲಿಲ್ಲ.

ಅದೇ ದಿನ, ಸಂಜೆ 5

ಆಮೇಲೆ ಸಾರ್‌ಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಈ ಸಲ ಆಮೇಲೆ ಅನ್ನಲಿಲ್ಲ. ಅದಕ್ಕೇ ಇನ್ನೂ ಭಯವಾಯಿತು.

ಮೇಲ್ ಹಾಕಬೇಡಿ ಅಂದರು. ಯಾರ ಹತ್ತಿರವೂ ಬಾಯಿ ಬಿಡಬೇಡಿ. ಸೋಮವಾರ ಕೂತು ಮಾತಾಡೋಣ. ಆಸ್ಪತ್ರೆಗಳಿಗೆ ಇವತ್ತೇ ತಿಳಿಸಬೇಕಲ್ಲವಾ ಸಾರ್ ಅಂದೆ.

"ತಿಳಿಸೋದಾದ್ರೆ ಮೊದಲು ಏನು ಕೇಳ್ತಾರೆ ಗೊತ್ತಾ? ಯಾರು ಸಹಿ ಹಾಕಿದ್ದು ಅಂತ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಫೋನ್ ಇಟ್ಟ ಮೇಲೂ ಕಿವಿ ಬಿಸಿಯಾಗಿತ್ತು. ನಿಜ ಹೇಳಬೇಕು, ಇಲ್ಲಿ ಯಾರೂ ಓದುವುದಿಲ್ಲ. ಆ ಹೊತ್ತಿನಲ್ಲಿ ನೆನಪಾಗಿದ್ದು ಅಮ್ಮ ಅಲ್ಲ. ನನ್ನ ಕೆಲಸ.

ಮಾರ್ಚ್ 9, ಭಾನುವಾರ

ಏಳೂ ಐವತ್ತಕ್ಕೇ ವಾರ್ಡಿನಲ್ಲಿ ಮುಳ್ಳಿನ ಎದುರು ಕುರ್ಚಿ ಹಾಕಿಕೊಂಡು ಕೂತೆ. ತಮ್ಮ ನನ್ನನ್ನು ಒಂದು ಥರ ನೋಡಿ ಮನೆಗೆ ಹೋದ.

ಎಂಟಕ್ಕೆ ಸಿಸ್ಟರ್‌ಗಳ ಡ್ಯೂಟಿ ಬದಲಾಗುತ್ತದೆ. ಹೋಗುವವರೂ ಬರುವವರೂ ಒಳಗಿನ ಕೋಣೆ ಸೇರಿ ಒಬ್ಬೊಬ್ಬ ರೋಗಿಯ ವಿಷಯ ಒಪ್ಪಿಸಿಕೊಳ್ಳುತ್ತಾರೆ. ಅರ್ಧ ಗಂಟೆ. ಆಮೇಲೆ ಡಾಕ್ಟರ್ ರೌಂಡ್ಸ್, ಎಲ್ಲರೂ ಅವರ ಹಿಂದೆ. ಪೈಪಿಗೆ ಆಕ್ಸಿಜನ್ ಬಿಡುವ ಸಿಲಿಂಡರ್ ಅಣ್ಣ ಕೆಳಗಿನ ಕೋಣೆಯಲ್ಲಿ ಖಾಲಿ ಸಿಲಿಂಡರ್ ಬದಲಿಸುವುದು ಸಹ ಇದೇ ಹೊತ್ತಿಗೆ. ಬಾಕ್ಸು ಎಲ್ಲಕ್ಕಿಂತ ಹೆಚ್ಚು ಬೇಕಾದ ಎರಡು ಗಂಟೆ, ಅದೇ ಎರಡು ಗಂಟೆ ಅದು ಇಲ್ಲ.

ಹೊಸದಾಗಿ ಬಂದ ಸಿಸ್ಟರನ್ನು ಮಾತಿಗೆಳೆದೆ, ಮುಳ್ಳು ಯಾವಾಗ ಯಾವಾಗ ನೋಡುತ್ತೀರಿ ಅಂತ.

"ಮೊದಲೆಲ್ಲ ಅರ್ಧ ಗಂಟೆಗೊಂದು ಸಲ ನೋಡಿ ಬರೀತಿದ್ವಿ. ನಿಮ್ಮ ಬಾಕ್ಸು ಬಂದ ಮೇಲೆ ಆ ತಲೆನೋವು ಹೋಯ್ತು. ಅದೇ ಕೂಗತ್ತಲ್ಲ."

ನಕ್ಕರು. ನಾನೂ ನಕ್ಕೆ. ಹೇಗೆ ನಕ್ಕೆನೋ.

8:40. ಮುಳ್ಳು ನಾಲ್ಕು. 8:43. ನಾಲ್ಕಕ್ಕಿಂತ ಕೆಳಗೆ. ಸರಿಹೋಗುತ್ತದೆ ಅಂದುಕೊಂಡೆ. 8:46. ಮೂರೂವರೆ. ಬಾಕ್ಸು ಸುಮ್ಮನಿದೆ. ಹಸಿರು ದೀಪ. ಮೂರೂವರೆಗಿಂತ ಕೆಳಗೆ. ಅಮ್ಮ ಕಣ್ಣು ಬಿಟ್ಟು ನಳಿಗೆ ಮುಟ್ಟಿಕೊಂಡಳು. ಓಡಿದೆ. ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಸಿಲಿಂಡರ್ ಅಣ್ಣ ಒಂದು ಸಾಲಿನ ಕೊಳವೆ ಬಿಚ್ಚಿಟ್ಟು, ಇನ್ನೊಂದು ಸಾಲಿನ ವಾಲ್ವ್ ತಿರುಗಿಸುವುದನ್ನು ಮರೆತು ಫೋನಿನಲ್ಲಿ ಮಾತಾಡುತ್ತಿದ್ದ. ನನ್ನ ಮುಖ ನೋಡಿ ಫೋನ್ ಕೈಬಿಟ್ಟ. ತಿರುಗಿಸಿದ. ಮೇಲೆ ಬಂದಾಗ ನಾಲ್ಕೂ ಕಾಲು. ಯಾರಿಗೂ ಏನೂ ಆಗಲಿಲ್ಲ. ಯಾರಿಗೂ ಏನೂ ಗೊತ್ತೂ ಆಗಲಿಲ್ಲ.

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ನಾನು ಆ ಕುರ್ಚಿಯಲ್ಲಿ ಇಲ್ಲದಿದ್ದರೆ?

ಮಾರ್ಚ್ 10, ಸೋಮವಾರ

ಸರಿಮಾಡುವುದು ಒಂದು ಸಾಲಿನ ಕೆಲಸ. ಗಂಟೆಯ ಎಡಗಡೆ ಸೊನ್ನೆ ಇದ್ದರೆ ಕಿತ್ತು ಹಾಕು. ಅಷ್ಟೇ. ಬರೆದೆ. ಈ ಸಲ ಇಪ್ಪತ್ನಾಲ್ಕು ಗಂಟೆಗೂ ಗಡಿಯಾರ ತಿರುಗಿಸಿ ಓಡಿಸಿದೆ, ಐವರ ಮೇಲೂ. ಎಲ್ಲ ಪಾಸು.

ಆಮೇಲೆ ಸಾರ್ ಬಾಗಿಲು ಹಾಕಿಕೊಂಡು ಮಾತಾಡಿದರು. ಹೊಸ ಸ್ಕ್ರಿಪ್ಟು ಮುಂದಿನ ತಿಂಗಳ ಮಾಮೂಲಿ ಸರ್ವಿಸ್ ಭೇಟಿಯಲ್ಲಿ ಹೋಗುತ್ತದೆ. ಯಾರಿಗೂ ಪ್ರತ್ಯೇಕ ಪತ್ರ ಬೇಡ. ಇಷ್ಟು ದಿನ ಏನೂ ಆಗಿಲ್ಲವಲ್ಲ. ನಿನ್ನೆಯದನ್ನು ಹೇಳಿದೆ. ಪೇಪರ್‌ವೇಟ್ ತಿರುಗಿಸುತ್ತ ಕೂತರು. ಎರಡು ಸಲ ಅದು ಕೈಜಾರಿತು. ಅವರಿಗೂ ನನ್ನಷ್ಟೇ ಭಯ ಅಂತ ಆಗ ಗೊತ್ತಾಯಿತು. ಅದರಿಂದ ನನಗೇನೂ ಧೈರ್ಯ ಬರಲಿಲ್ಲ.

ಸರಿ ಸಾರ್ ಅಂದು ಎದ್ದು ಬಂದೆ. ಸರಿ ಅಂದೆ ನಾನು.

ಮಾರ್ಚ್ 11, ಮಂಗಳವಾರ, ಬೆಳಗ್ಗೆ 10:20

ಅಮ್ಮನ ವಾರ್ಡಿನ ಬಾಕ್ಸು ಸರಿಮಾಡಿದೆ. ಯಾರನ್ನೂ ಕೇಳದೆ. ಏಳು ಗಂಟೆಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ, ಸರ್ವಿಸ್ ಅಂತ ಸಿಸ್ಟರ್‌ಗೆ ಐಡಿ ಕಾರ್ಡ್ ತೋರಿಸಿ, ಕೇಬಲ್ ಸಿಕ್ಕಿಸಿದೆ. ಐದು ನಿಮಿಷ. ಬಾಕ್ಸಿನ ದಾಖಲೆಯಲ್ಲಿ ಹಳೇ ಸಾಲುಗಳೆಲ್ಲ ಇದ್ದವು. ಇಲ್ಲೀಗಲ್ ನಂಬರ್ 08, ಇಲ್ಲೀಗಲ್ ನಂಬರ್ 08, ಆಮೇಲೆ 09. ನಿಮಿಷಕ್ಕೊಂದು. ದಿನಕ್ಕೆ ನೂರಿಪ್ಪತ್ತು. ಪಾಪ, ಅದು ಜನವರಿಯಿಂದ ಹೇಳುತ್ತಲೇ ಇತ್ತು. ಓದುವವರು ಇರಲಿಲ್ಲ.

ಎಂಟಾಯಿತು. ಹೊಸ ಸಾಲು ಬರಲಿಲ್ಲ. ಒಂಬತ್ತು. ಬರಲಿಲ್ಲ. ಹತ್ತು. ಎದೆ ಮೇಲಿನ ಕಲ್ಲು ಇಳಿಯಿತು. ಇವತ್ತು ನಿದ್ದೆ ಮಾಡುತ್ತೇನೆ.

ಅದೇ ದಿನ, ಸಂಜೆ 6

ನಿದ್ದೆ ಮಾಡಿದೆ. ಮಧ್ಯಾಹ್ನ, ಅಮ್ಮನ ಕಾಲಬಳಿಯೇ ತಲೆ ಇಟ್ಟು. ಎದ್ದಾಗ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಭಾನುವಾರ ಯಾಕೆ ಓಡಿದೆ, ಇವತ್ತು ಯಾಕೆ ಆ ಬಾಕ್ಸು ಬಿಚ್ಚಿದೆ ಅಂತ ಕೇಳಿದಳು. ಅವಳ ಹತ್ತಿರ ಸುಳ್ಳು ಹೇಳಿ ದಕ್ಕಿಸಿಕೊಂಡವರು ಯಾರೂ ಇಲ್ಲ. ಎಲ್ಲ ಹೇಳಿದೆ. ಸೊನ್ನೆ, ಎಂಟು, ಹತ್ತು ಗಂಟೆಯ ಆಫೀಸು, ಸಹಿ, ಆಮೇಲೆ ಸಾರ್. ಇದು ಈಗ ಸರಿಯಾಗಿದೆ ಅಮ್ಮ, ನಿನಗೆ ಭಯವಿಲ್ಲ ಅಂದೆ.

ಉಸಿರು ಎಳೆದುಕೊಂಡು ನಿಧಾನವಾಗಿ ಕೇಳಿದಳು.

"ಮೂವತ್ತೊಂದರಲ್ಲಿ ಒಂದು ಕಳೆದ್ರೆ?"

ತಲೆ ತಗ್ಗಿಸಿದೆ.

"ಹೇಳು. ನಲವತ್ತೆರಡು ವಯಸ್ಸಾಯ್ತು ನಿನಗೆ. ಬರಲ್ವಾ?"

ಮೂವತ್ತು ಅಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಒಂದನೇ ಕ್ಲಾಸಿನಲ್ಲಿ ತಪ್ಪು ಮಾಡಿದಾಗಲೂ ಹೀಗೇ ತಿರುಗುತ್ತಿದ್ದಳು, ಸರಿಮಾಡಿ ತರುವ ತನಕ.

ಆಫೀಸಿಗೆ ಹೋಗುತ್ತಿದ್ದೇನೆ. ಪ್ಯಾಕಿಂಗ್ ಮೇಜಿನಲ್ಲಿ ಆಸ್ಪತ್ರೆಗಳ ವಿಳಾಸ, ಫೋನ್ ನಂಬರಿನ ಪಟ್ಟಿ ಇದೆ.

ಅದೇ ದಿನ, ರಾತ್ರಿ 8:30

ಪಟ್ಟಿ ಸಿಕ್ಕಿತು. ಇಪ್ಪತ್ತೆರಡು ಕಡೆ ಮಾತಾಡಿದೆ. ಎಲ್ಲರಿಗೂ ಒಂದೇ ಮಾತು: ಬೆಳಗ್ಗೆ ಎಂಟರಿಂದ ಹತ್ತರವರೆಗೆ ಆ ಬಾಕ್ಸನ್ನು ನಂಬಬೇಡಿ, ಮುಳ್ಳಿನ ಮುಂದೆ ಒಬ್ಬರನ್ನು ಕೂರಿಸಿ. ಕೆಲವರು ಬರೆದುಕೊಂಡರು. ಒಬ್ಬರು ಬೈದರು, ಬಾಯಿಗೆ ಬಂದ ಹಾಗೆ. ಬೈಸಿಕೊಂಡೆ. ಯಾರು ಮಾತಾಡೋದು ಅಂತ ಎಲ್ಲರೂ ಕೇಳಿದರು. ಸ್ಟಿಕರ್ ಮೇಲಿರುವ ಸಹಿ ನನ್ನದು ಅಂದೆ. ಮೊದಲನೇ ಸಲ ಅರ್ಧಕ್ಕೇ ತಡವರಿಸಿದೆ. ಹತ್ತನೇ ಸಲಕ್ಕೆ ಅಭ್ಯಾಸವಾಯಿತು.

ಎಂಟು ಕಡೆ ಉಳಿದಿದೆ. ಆಫೀಸು ಮುಚ್ಚಿದೆ, ಬೆಳಗ್ಗೆ ಮಾಡಿ ಅಂದರು, ಇಲ್ಲವೇ ಯಾರೂ ಎತ್ತಲಿಲ್ಲ. ಆಮೇಲೆ ಸಾರ್‌ದು ಆರು ಮಿಸ್ಡ್ ಕಾಲ್. ಎತ್ತಲಿಲ್ಲ.

ಮಾರ್ಚ್ 12, ಬುಧವಾರ, ಬೆಳಗ್ಗೆ 7:05

ವಾರ್ಡಿನ ಹೊರಗೆ ಬೆಂಚು. ಪಟ್ಟಿ ತೊಡೆ ಮೇಲೆ. ಅಮ್ಮ ಎದ್ದಿದ್ದಾಳೆ. ಬಾಗಿಲಲ್ಲಿ ನನ್ನನ್ನು ಕಂಡು, ಎಷ್ಟು ಉಳಿದಿದೆ ಅಂತ ಬೆರಳಿನಲ್ಲೇ ಕೇಳಿದಳು. ಎಂಟು ಬೆರಳು ತೋರಿಸಿದೆ.

7:31

ಐದು ಉಳಿದಿದೆ. ಒಂದು ಕಡೆ ಸಿಸ್ಟರ್ ಅತ್ತೇ ಬಿಟ್ಟರು. ಹೋದ ವಾರ ಬೆಳಗ್ಗೆ ಅವರಲ್ಲಿ ಮುಳ್ಳು ಇಳಿದಿತ್ತಂತೆ. ಒಬ್ಬ ರೋಗಿಯ ಮಗಳು ನೋಡಿ ಕೂಗಿದಳಂತೆ. ನಮ್ಮ ತಪ್ಪೇ ಅಂದುಕೊಂಡಿದ್ವಿ ಅಂದರು. ಅಲ್ಲ, ನನ್ನದು ಅಂದೆ.

7:49

ಎರಡು.

7:54

ಒಂದು. ಮಕ್ಕಳ ಆಸ್ಪತ್ರೆ. ಹಸುಗೂಸುಗಳ ವಾರ್ಡು. ನಿನ್ನೆಯಿಂದ ಹನ್ನೊಂದು ಸಲ ಮಾಡಿದ್ದೇನೆ. ರಿಂಗ್ ಆಗುತ್ತದೆ, ನಿಲ್ಲುತ್ತದೆ. ಟ್ಯಾಕ್ಸಿಯಲ್ಲಿ ಹೋದರೆ ಮುಕ್ಕಾಲು ಗಂಟೆ. ತಮ್ಮನನ್ನು ಬೈಕಿನಲ್ಲಿ ಕಳಿಸಿದೆ. ಕೀ ಹಿಡಿದು ಓಡಿದ.

08:00

ರಿಂಗ್ ಆಗುತ್ತಿದೆ. ಈಗ ಡ್ಯೂಟಿ ಬದಲಾಗುವ ಹೊತ್ತು. ಎಲ್ಲರೂ ಒಳಗಿನ ಕೋಣೆಯಲ್ಲಿರುತ್ತಾರೆ. ಎತ್ತಿ. ಯಾರಾದರೂ ಎತ್ತಿ.

08:06

ಎತ್ತಿದರು. ಹೆಂಗಸಿನ ದನಿ. ಬಾಕ್ಸು ಅನ್ನುವಷ್ಟರಲ್ಲಿ, ಒಂದು ನಿಮಿಷ ಇರಿ ಅಂತ ಫೋನ್ ಮೇಜಿನ ಮೇಲಿಟ್ಟರು. ಇಟ್ಟ ಸದ್ದು ಕೇಳಿಸಿತು. ದೂರದಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದಾರೆ. ಜೋರಾಗಿ. ಕೂಗಿದೆ. ಮುಳ್ಳು ನೋಡಿ, ಗೋಡೆ ಮೇಲಿನ ಮುಳ್ಳು ನೋಡಿ ಅಂತ. ಇಲ್ಲಿ ಬೆಂಚಿನವರೆಲ್ಲ ತಿರುಗಿ ನೋಡಿದರು. ಅಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

08:08

ಫೋನ್ ಇಟ್ಟಿಲ್ಲ. ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಅದು. ಬರೆಯದಿದ್ದರೆ ಕೂರಲಾಗುವುದಿಲ್ಲ. ಓಡುವ ಹೆಜ್ಜೆ. ಮಗು ಅಳುತ್ತಿದೆ. ಒಂದೇ ಮಗು. ಎಷ್ಟು ಮಕ್ಕಳಿರಬಹುದು ಅಲ್ಲಿ.

08:09

ಅಳು ನಿಂತಿತು. ಯಾಕೆ ನಿಂ— ಫೋನ್ ಮತ್ತೆ ಎತ್ತಿಕೊಂಡರು, ಯಾವ ಮುಳ್ಳು ಅಂತ ಕೇಳುತ್ತಿದ್ದಾರೆ.